ಕಚೇರಿಯ ಹಳೆ ಟವರಿನಲ್ಲಿ 1060 ಓಡಿಸಿದ ನನ್ನ ಅನುಭವ

ಕಚೇರಿಗಳು ಹೊರಹಾಕುವ ಹಳೆಯ ಟವರ್ ಕಂಪ್ಯೂಟರಿಗೆ ನನ್ನ ಎನ್‌ವಿಡಿಯಾ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಹಾಕಿ ಮದುವೆ ವೀಡಿಯೊ ಎಡಿಟ್ ಮಾಡುತ್ತೇನೆ ಎಂದಾಗ ದಾವಣಗೆರೆಯ ಸ್ಟುಡಿಯೊ ಗೆಳೆಯರೆಲ್ಲ ನಕ್ಕಿದ್ದರು. ‘ಅದು ಲೆಕ್ಕ ಬರೆಯುವ ಡಬ್ಬ, ಅದರಲ್ಲಿ 1060 ಎಲ್ಲಿ ಓಡುತ್ತದೆ?’ ಎಂದರು. ಈ ಸಲದ ಮದುವೆ ಸೀಸನ್ ಪೂರ್ತಿ ಅದರಲ್ಲೇ ಮುಗಿಸಿದೆ. ನಕ್ಕವರೇ ಈಗ ಅಂಥದ್ದೊಂದು ಹುಡುಕಿಕೊಡಿ ಎಂದು ಫೋನ್ ಮಾಡುತ್ತಿದ್ದಾರೆ.

ಟವರಿನ ಯೋಚನೆ ಹುಟ್ಟಿದ್ದು ವಿಂಡೋಸ್ ಲೈಸೆನ್ಸಿನ ಕಾಟದಿಂದ. ನನ್ನ ಹಿಂದಿನ ಅಸೆಂಬಲ್ಡ್ ಯಂತ್ರಕ್ಕೆ ಅಂಗಡಿಯವರೇ ಲೈಸೆನ್ಸ್ ಇಲ್ಲದ ವಿಂಡೋಸನ್ನು ಅಸಲಿಯಂತೆ ತೋರಿಸುವ ಕ್ರ್ಯಾಕ್ ಆಕ್ಟಿವೇಟರ್ ಹಾಕಿಕೊಟ್ಟಿದ್ದರು. ಯಾವುದೋ ಅಪ್‌ಡೇಟ್ ಆದ ಮೇಲೆ ಅದು ಕೈಕೊಟ್ಟಿತು. ಒಂದು ಆರತಕ್ಷತೆಯಲ್ಲಿ ಎಲ್‌ಇಡಿ ಪರದೆಯ ಬಲ ಮೂಲೆಯಲ್ಲಿ, ಸರಿಯಾಗಿ ಮದುಮಗಳ ಸೆರಗಿನ ಮೇಲೆ, ‘ಆಕ್ಟಿವೇಟ್ ವಿಂಡೋಸ್’ ಎಂಬ ಬೂದು ಅಕ್ಷರ ಮೂಡಿತು. ಹುಡುಗನ ಸೋದರಮಾವ ‘ಇದೇನು ಬರೆಸಿದ್ದೀರಿ?’ ಎಂದು ಕೇಳಿದವರು, ಲೆಕ್ಕ ಚುಕ್ತಾ ಮಾಡುವಾಗ ಎರಡು ಸಾವಿರ ಹಿಡಿದುಕೊಂಡರು.

ಆಕ್ಟಿವೇಟರಿನ ಜೊತೆ ಬಂದದ್ದು ಇನ್ನೂ ಕೆಟ್ಟದ್ದು. ಎಡಿಟಿಂಗ್ ನಿಲ್ಲಿಸಿದರೂ ಕಾರ್ಡಿನ ಫ್ಯಾನ್ ಗುಂಯ್‌ಗುಡುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಸದ್ದು ಇಳಿಯುತ್ತಿತ್ತು, ಮುಚ್ಚಿದರೆ ಮತ್ತೆ ಏರುತ್ತಿತ್ತು. ಆಫ್ಟರ್‌ಬರ್ನರ್ (ಕಾರ್ಡಿನ ಕೆಲಸ, ಶಾಖ ತೋರಿಸುವ ತಂತ್ರಾಂಶ) ಗ್ರಾಫ್ ಪಕ್ಕದಲ್ಲಿಟ್ಟು ನೋಡಿದಾಗ ಕಳ್ಳ ಸಿಕ್ಕಿದ: ನನ್ನ ಕರೆಂಟಿನಲ್ಲಿ ಯಾರೋ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುತ್ತಿದ್ದರು. ‘ಕಾರ್ಡ್ ಮುದಿಯಾಗಿದೆ, ಬದಲಾಯಿಸಿ’ ಎಂದು ಸಲಹೆ ಕೊಟ್ಟವರು ಇದನ್ನೂ ಓದಬೇಕು.

ಐನೂರು ರೂಪಾಯಿಯ ಆನ್‌ಲೈನ್ ವಿಂಡೋಸ್ ಕೀ (ಆಕ್ಟಿವೇಟ್ ಮಾಡುವ ಸಂಕೇತ) ಕೂಡ ತಂದು ನೋಡಿದೆ. ಕೆಲವು ತಿಂಗಳು ನಡೆದು ಬ್ಲಾಕ್ ಆಯಿತು. ಪೆಟ್ಟಿಗೆಯ ಅಸಲಿ ಲೈಸೆನ್ಸಿಗೆ ಹತ್ತು ಸಾವಿರದ ಆಸುಪಾಸು. ಈ ನಡುವೆ ಕುತೂಹಲಕ್ಕೆ ಒಂದೇ ರೀಲನ್ನು ಆಕ್ಟಿವೇಟ್ ಆಗದ ವಿಂಡೋಸಿನಲ್ಲೂ ಆದದ್ದರಲ್ಲೂ ರೆಂಡರ್ ಮಾಡಿದೆ (ವೀಡಿಯೊ ಫೈಲಾಗಿ ಹೊರತೆಗೆದೆ). ಸಮಯ ಒಂದೇ. ಆಕ್ಟಿವೇಟ್ ಮಾಡದಿದ್ದರೆ ಕಾರ್ಡ್ ನಿಧಾನವಾಗುತ್ತದೆ ಎನ್ನುವುದು ಬರೀ ಮಾತು. ವಾಲ್‌ಪೇಪರ್ ಬದಲಿಸಲು ಬಿಡುವುದಿಲ್ಲ, ಆ ಬೂದು ಅಕ್ಷರ ಹೋಗುವುದಿಲ್ಲ, ಅಷ್ಟೇ.

ಬ್ರ್ಯಾಂಡೆಡ್ ಟವರುಗಳಲ್ಲಿ ವಿಂಡೋಸ್ ಕೀ ಬೋರ್ಡಿನ ಚಿಪ್ಪಿನಲ್ಲಿರುವ ಬಯೋಸ್‌ನಲ್ಲೇ ಕುಳಿತಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂಟನೇ ಜನರೇಷನ್ ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್ ಇರುವುದು ಹದಿನಾಲ್ಕು ಸಾವಿರಕ್ಕೆ ಸಿಕ್ಕಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದದ್ದರಿಂದ ಆರನೇ ಜನರೇಷನ್ ಟವರುಗಳು ಇನ್ನೂ ಅಗ್ಗ, ಆದರೆ ಅವು ವಿಂಡೋಸ್ 11 ಓಡಿಸಬಲ್ಲವುಗಳ ಪಟ್ಟಿಯಲ್ಲಿಲ್ಲ. ಬಯೋಸ್‌ನಲ್ಲಿ ವಿಂಡೋಸಿನ ಹೋಮ್ ಆವೃತ್ತಿಯ ಕೀ ಇದ್ದು, ವ್ಯಾಪಾರಿ ಕ್ರ್ಯಾಕ್ ಮಾಡಿದ ಪ್ರೊ ಆವೃತ್ತಿ ಹಾಕಿರುವುದೂ ಉಂಟು. ದುಡ್ಡು ಎಣಿಸುವ ಮುಂಚೆ ಕೀ ಯಾವುದೆಂದು ನೋಡಿ. ಡಿಸ್ಕ್ ಪೂರ್ತಿ ಅಳಿಸಿ ಕೀಗೆ ಹೊಂದುವ ಆವೃತ್ತಿಯನ್ನೇ ಹಾಕಿದೆ. ನೆಟ್ ಸಿಕ್ಕ ಕೂಡಲೇ ತಾನಾಗಿಯೇ ಆಕ್ಟಿವೇಟ್ ಆಯಿತು. ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಅಲ್ಟ್ರಾ ಎಚ್‌ಡಿವರೆಗೆ ಔಟ್‌ಪುಟ್ ಕೊಡುವುದರಿಂದ ಅಲ್ಲಿಯೂ ಕ್ರ್ಯಾಕಿನ ಗೊಡವೆಯಿಲ್ಲ.

ನಿಜವಾದ ಕುಸ್ತಿ ನಡೆದದ್ದು ಕರೆಂಟಿನ ಜೊತೆ. ಟವರಿನ ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಪೆಟ್ಟಿಗೆ) 260 ವ್ಯಾಟ್, 1060ಗೆ ಬೇಕಾದ 6 ಪಿನ್ ತಂತಿಯೇ ಇಲ್ಲ. ಮೊದಲು ಅದಕ್ಕಿಂತ ಚಿಕ್ಕ ಕಾರ್ಡ್ 1050 ಟಿಐ ಹಾಕಿದೆ. ಅದಕ್ಕೆ ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್ ಸಾಕು, ಆದರೆ 4ಕೆ ಟೈಮ್‌ಲೈನಿನಲ್ಲಿ ನಾಲ್ಕು ಜಿಬಿ ಮೆಮೊರಿ ತುಂಬಿ ರಿಸಾಲ್ವ್ ಕೈಯೆತ್ತುತ್ತಿತ್ತು. ಅದನ್ನು ಸಾವಿರ ರೂಪಾಯಿ ನಷ್ಟಕ್ಕೆ ಮಾರಿ, ಹೊಸ 450 ವ್ಯಾಟಿನ ಎಸ್‌ಎಂಪಿಎಸ್ ತಂದೆ. ಟವರಿನ ಬೋರ್ಡಿನ ಕನೆಕ್ಟರ್ ಬೇರೆ ನಮೂನೆಯದು, ಹಾಗಾಗಿ 24 ಪಿನ್ನಿನಿಂದ ಅದಕ್ಕೆ ಹೊಂದುವ ಕನ್ವರ್ಟರ್ ತಂತಿಯೂ ಬೇಕಾಯಿತು. ಎಲ್ಲ ಸೇರಿ ಮೂರು ಸಾವಿರದೊಳಗೆ.

1060 ಹೊಸ ಮನೆಗೆ ಬಂದರೂ ಏಪ್ರಿಲ್ ಬಿಸಿಲಿಗೆ 83 ಡಿಗ್ರಿ ಮುಟ್ಟಿ ಕ್ಲಾಕ್ (ವೇಗ) ಇಳಿಸುತ್ತಿತ್ತು. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿದೆ, ಹತ್ತು ಡಿಗ್ರಿ ಇಳಿಯಿತು. ನನ್ನ ಸ್ಟುಡಿಯೊ ಇರುವುದು ಮಂಡಕ್ಕಿ ಭಟ್ಟಿಯ ಕಡೆ. ಒಂದೇ ವಾರದಲ್ಲಿ ಕಾರ್ಡಿನ ಶಾಖ ಹೀರುವ ಹೀಟ್‌ಸಿಂಕಿನ ಎಲೆಗಳ ನಡುವೆ ಕರಿ ಮಸಿ ಮೆತ್ತಿಕೊಂಡಿತು, ಬ್ರಷ್ ಆಡಿಸಿದರೆ ಬೆರಳಿಗೆ ಜಿಡ್ಡು. ಬಾಗಿಲು ಮುಚ್ಚಿ, ಶಾಖ ಸಾಗಿಸುವ ಪೇಸ್ಟ್ ಬದಲಿಸಿ, ಕಾರ್ಡಿನ ವೋಲ್ಟೇಜ್ ತಗ್ಗಿಸುವ ಅಂಡರ್‌ವೋಲ್ಟ್ ಮಾಡಿದೆ. 120 ವ್ಯಾಟ್ ಎಳೆಯುತ್ತಿದ್ದದ್ದು ತೊಂಬತ್ತರ ಸುತ್ತ ನಿಂತಿತು, ಶಾಖ ಎಪ್ಪತ್ತರ ಆಚೀಚೆ. ವೋಲ್ಟೇಜಿನ ಕರ್ವ್ ಯಾವ ಬಿಂದುವಿನಲ್ಲಿ ಚಪ್ಪಟೆ ಮಾಡಿದೆ, ಮಸಿ ತಡೆಯಲು ಮುಂದಿನ ಜಾಲರಿಗೆ ಏನು ಕಟ್ಟಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಫಿಲಂ ಈಗ ಅರ್ಧ ಗಂಟೆಯೊಳಗೆ ಹೊರಬರುತ್ತದೆ.

ಹೊಸ ಯಂತ್ರಕ್ಕೆ ಅರವತ್ತು ಸಾವಿರ ಹೇಳಿದ್ದರು. ಕಾರ್ಡನ್ನೂ ಸೆಕೆಂಡ್ ಹ್ಯಾಂಡ್ ದರಕ್ಕೆ ಹಿಡಿದರೂ ನನ್ನ ಲೆಕ್ಕ ಇಪ್ಪತ್ತಮೂರು, ಇಪ್ಪತ್ತನಾಲ್ಕು ದಾಟುವುದಿಲ್ಲ. 1060ಗೆ ಹೊಸ ಗೇಮ್ ಡ್ರೈವರುಗಳು ನಿಂತಿವೆ ನಿಜ, ಆದರೆ 2028ರ ಅಕ್ಟೋಬರ್‌ವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಎನ್‌ವಿಡಿಯಾ ಹೇಳಿದೆ. ಅಷ್ಟರೊಳಗೆ ಹಾಕಿದ ದುಡ್ಡು ಹಲವು ಪಟ್ಟು ವಾಪಸಾಗುತ್ತದೆ.

ಮಾಡುವವರು ಸಾಟಾದಿಂದ (ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಕನೆಕ್ಟರ್) 6 ಪಿನ್‌ಗೆ ಬದಲಿಸುವ ನೂರು ರೂಪಾಯಿಯ ತಂತಿಯನ್ನು ಮಾತ್ರ ಮುಟ್ಟಬೇಡಿ. ಸಾಟಾ ಕನೆಕ್ಟರ್ ತಡೆಯುವುದು 54 ವ್ಯಾಟ್. ಅದಕ್ಕಿಂತ ಹೆಚ್ಚು ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ.