ಗೇರು ಸಸಿಗಳ ನಡುವೆ ಜಾಗ ಖಾಲಿ ಬಿಡಬೇಡಿ
ಗೋವಾದ ಸತ್ತರಿ, ಕಾಣಕೋಣ ಕಡೆ ಜಮೀನು ಮಾಡಿ ಹೊಸದಾಗಿ ಗೇರು ಹಾಕುತ್ತಿರುವ ನಮ್ಮವರಿಗೆ ಒಂದು ಮಾತು. ಕಸಿ ಗಿಡ ಮೂರನೇ ವರ್ಷಕ್ಕೆ ಫಲ ಶುರು ಮಾಡುತ್ತದೆ, ಒಳ್ಳೆ ಫಸಲಿಗೆ ಇನ್ನೂ ಕಾಯಬೇಕು. ಆಮೇಲೂ ದುಡ್ಡು ಬರುವುದು ಬೇಸಿಗೆಯಲ್ಲಿ ಮಾತ್ರ. ಹೊಟ್ಟೆಗೆ ವರ್ಷವಿಡೀ ಬೇಕಲ್ವಾ?

ಸಾಲುಗಳ ನಡುವೆ ಏಳೆಂಟು ಮೀಟರ್ ಜಾಗ ಸುಮ್ನೆ ಇರುತ್ತದೆ. ಮಳೆ ಹಿಡಿಯುತ್ತಲೇ ಅಲ್ಲಿ ಅಲಸಂದೆ, ಸುವರ್ಣಗಡ್ಡೆ, ಅರಿಶಿನ ಹಾಕಿ. ಅಲಸಂದೆ ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ಗುಡ್ಡದ ಇಳಿಜಾರಾದರೆ ಅಡ್ಡಸಾಲಿನಲ್ಲಿ ಅನಾನಸ್ ನೆಡಿ, ಮಣ್ಣು ಕೊಚ್ಚಿ ಹೋಗುವುದು ಕಡಿಮೆ. ಗೇರು ಗಿಡದ ಬುಡದ ಸುತ್ತ ಮಾತ್ರ ಒಂದು ಮೀಟರ್ ಖಾಲಿ ಬಿಡಿ. ನಾನು ಮೊದಲ ವರ್ಷ ಆಸೆಬಿದ್ದು ಬುಡದವರೆಗೂ ಬಿತ್ತಿದ್ದೆ, ಸಸಿಗಳು ಸೊರಗಿದವು. ಗಿಡ ದೊಡ್ಡದಾಗಿ ನೆರಳು ಕೂಡಿದ ಮೇಲೆ ಇದೆಲ್ಲ ನಡೆಯುವುದಿಲ್ಲ. ಅರಿಶಿನ ಸ್ವಲ್ಪ ನೆರಳು ತಡೆದುಕೊಳ್ಳುತ್ತದೆ, ಅಷ್ಟೇ.

ಗೇರುಬೀಜವನ್ನು ಕೊಯ್ದು ಕೀಳಬೇಡಿ, ತಾನಾಗಿ ಬಿದ್ದದ್ದನ್ನು ಆರಿಸಿ. ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸಿ ಇಟ್ಟರೆ ಬೂಸ್ಟು ಹಿಡಿಯುವುದಿಲ್ಲ, ಸಿಕ್ಕ ರೇಟಿಗೆ ಮಾರುವ ಅವಸರವೂ ಇರುವುದಿಲ್ಲ. ಹಸಿ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಮಕ್ಕಳು ಕಚ್ಚದಂತೆ ನೋಡಿಕೊಳ್ಳಿ. ಹಣ್ಣೆಲ್ಲ ಫೆನಿಗೇ (ಗೇರುಹಣ್ಣಿನಿಂದ ಇಳಿಸುವ ಗೋವಾದ ಮದ್ಯ) ಹೋಗಬೇಕೆಂದಿಲ್ಲ! ಹೆಚ್ಚಿ ಉಪ್ಪುನೀರಲ್ಲಿ ನೆನೆಸಿದರೆ ಒಗರು ಇಳಿಯುತ್ತದೆ. ವಿಟಮಿನ್ ಸಿ ಕಿತ್ತಳೆಗಿಂತ ಜಾಸ್ತಿ.