ಪ್ರೀತಿಯ ಮಾತಿಗೆ ತುಟಿ ಕೂಡಿಸುವ ಕೆಲಸ

ಹೊಸೂರಿನ ಕನ್ನಡ ಮನೆಯಲ್ಲಿ ಹುಟ್ಟಿ, ತಮಿಳು ಮಾಧ್ಯಮದಲ್ಲಿ ಓದಿದ ನಾನು ಚೆನ್ನೈಗೆ ಬಂದು ಹಿಂದಿ ಪ್ರೇಮಚಿತ್ರಗಳಿಗೆ ತಮಿಳಿನಲ್ಲಿ ಡಬ್ಬಿಂಗ್ ಸಂಭಾಷಣೆ ಬರೆಯತೊಡಗಿದಾಗ, ಕಷ್ಟವೆಲ್ಲ ಕಾವ್ಯಮಯವಾದ ಮಾತುಗಳಲ್ಲಿರುತ್ತದೆ ಎಂದುಕೊಂಡಿದ್ದೆ. ಆದರೆ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಅತ್ಯಂತ ಸರಳವಾದ ಸಾಲು. ‘ಮೈ ತುಮ್‌ಸೇ ಪ್ಯಾರ್ ಕರ್‌ತಾ ಹೂಂ’ ಎನ್ನುವಾಗ ನಟನ ತುಟಿಗಳು ಮೂರು ಸಲ ಕೂಡುತ್ತವೆ. ‘ನಾನ್ ಉನ್ನೈ ಕಾದಲಿಕ್ಕಿರೇನ್’ ಎಂಬಲ್ಲಿ ಒಮ್ಮೆಯೂ ಕೂಡುವುದಿಲ್ಲ. ಕ್ಲೋಸಪ್ಪಿನಲ್ಲಿ ಇದು ಎದ್ದು ಕಾಣುತ್ತದೆ. ಸೆಕೆಂಡಿಗೆ 24 ಫ್ರೇಮುಗಳ ಲೆಕ್ಕದಲ್ಲಿ ಆ ದೃಶ್ಯವನ್ನು ಮತ್ತೆ ಮತ್ತೆ ಓಡಿಸಿ ನೋಡಿ, ಕೊನೆಗೆ ‘ಎನಕ್ಕು ಉನ್ನ ರೊಂಬ ಪಿಡಿಚ್ಚಿರುಕ್ಕು’ (ನನಗೆ ನೀನೆಂದರೆ ತುಂಬಾ ಇಷ್ಟ) ಎಂದು ಬರೆದೆ. ‘ಪ್ಯಾರ್’ನ ಪಕಾರದ ಮೇಲೆಯೇ ‘ಪಿಡಿಚ್ಚಿರುಕ್ಕು’ ಬಿತ್ತು. ಅದಕ್ಕಿಂತ ಮುಖ್ಯವಾಗಿ, ತಮಿಳು ಹುಡುಗರು ಆಡುವ ಮಾತೂ ಅದೇ.

ತುಟಿಗಿಂತ ಆಳವಾದ ತೊಡಕು ನೆಂಟಸ್ತಿಕೆಯದು. ಒಂದು ಚಿತ್ರದಲ್ಲಿ ನಾಯಕಿಯ ಸೋದರಮಾವನ ಮಗ ಅವಳ ಓಲೆಗಳನ್ನು ನಾಯಕನಿಗೆ ಮುಟ್ಟಿಸುತ್ತಾನೆ. ಹಿಂದಿಯವರಿಗೆ ಅವನು ರಾಖಿ ಕಟ್ಟಿಸಿಕೊಳ್ಳುವ ಅಣ್ಣ. ನಾನು ಇದ್ದುದನ್ನು ಇದ್ದಂತೆಯೇ ‘ಮಾಮಾ ಪೈಯನ್’ ಎಂದು ಬರೆದುಕೊಟ್ಟೆ. ಅರ್ಧ ಧ್ವನಿಮುದ್ರಣವಾದ ಮೇಲೆ ನಾಯಕಿಗೆ ದನಿ ಕೊಡುತ್ತಿದ್ದ ಕಲಾವಿದೆ ಹೆಡ್‌ಫೋನ್ ತೆಗೆದಿಟ್ಟು, ‘ಸಾರ್, ಹಾಗಾದರೆ ಇವನು ಮುರೈಮಾಪ್ಪಿಳ್ಳೈ ಅಲ್ಲವೇ? ಮದುವೆಯಾಗಬೇಕಾದವನ ಕೈಯಲ್ಲೇ ಓಲೆ ಕಳುಹಿಸುತ್ತಾಳೆಯೇ?’ ಎಂದು ಕೇಳಿದರು. ಸೋದರಮಾವನ ಮಕ್ಕಳೊಡನೆ ಮದುವೆಯ ಮಾತು ನಡೆಯುವುದು ನಮ್ಮ ಮನೆಗಳಲ್ಲೂ ಉಂಟು. ಅದು ನನಗೇ ಹೊಳೆಯಬೇಕಿತ್ತು. ಅವನನ್ನು ದೊಡ್ಡಪ್ಪನ ಮಗನನ್ನಾಗಿ ಮಾಡಿದೆವು. ಅದೃಷ್ಟವಶಾತ್ ‘ಮಾಮಾ’ ಎನ್ನುವಾಗಲೂ ‘ಪೆರಿಯಪ್ಪಾ’ ಎನ್ನುವಾಗಲೂ ತುಟಿಗಳು ಎರಡೇ ಸಲ ಕೂಡುತ್ತವೆ.

ರೀಮೇಕ್ ಮಾಡುವವರಿಗೆ ಊರನ್ನೇ ಬದಲಿಸುವ ಅವಕಾಶವಿದೆ. 2007ರ ‘ಜಬ್ ವಿ ಮೆಟ್’ 2009ರಲ್ಲಿ ‘ಕಂಡೇನ್ ಕಾದಲೈ’ ಆದಾಗ ಪಂಜಾಬಿನ ಮನೆತನ ತಮಿಳುನಾಡಿನ ತೇನಿಗೆ ಬಂದಿತು. ಡಬ್ಬಿಂಗಿನಲ್ಲಿ ಸಾಸಿವೆಯ ಹೊಲವೂ ಗಂಡನಿಗಾಗಿ ಹೆಂಡತಿ ಉಪವಾಸವಿರುವ ಕರ್ವಾ ಚೌತ್‌ನ ಜರಡಿಯೂ ತೆರೆಯ ಮೇಲೆ ಹಾಗೆಯೇ ಉಳಿಯುತ್ತವೆ. ಅವನ್ನು ತಮಿಳು ಹಬ್ಬಗಳೆಂದು ನಂಬಿಸಲು ಹೊರಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ಪ್ರೇಕ್ಷಕರು ಬೇರೆ ಊರಿನ ಆಚಾರವನ್ನು ಸಂತೋಷದಿಂದ ನೋಡುತ್ತಾರೆ, ಸುಳ್ಳನ್ನು ಒಪ್ಪುವುದಿಲ್ಲ.

ನಾನು ಅತಿ ಹೆಚ್ಚು ಹೊತ್ತು ಕೂರುವುದು ಸಂಬೋಧನೆಗಳ ಮುಂದೆ. ಹಿಂದಿಯ ಪ್ರೇಮಿಗಳು ‘ಆಪ್’ನಿಂದ ‘ತುಮ್’ಗೆ, ಅಲ್ಲಿಂದ ‘ತೂ’ಗೆ ಇಳಿಯುತ್ತ ಹತ್ತಿರವಾಗುತ್ತಾರೆ. ತಮಿಳಿನಲ್ಲಿ ‘ನೀಂಗ’, ‘ನೀ’ ಎಂಬ ಎರಡೇ ಮೆಟ್ಟಿಲುಗಳಿವೆ. ಒಮ್ಮೆ ನಾಯಕಿ ಮೊದಲ ಬಾರಿಗೆ ‘ತೂ’ ಎನ್ನುವ ದೃಶ್ಯಕ್ಕೆ ನಾಲ್ಕು ಸಾಲು ಬರೆದು ನಾಲ್ಕನ್ನೂ ಹೊಡೆದುಹಾಕಿದ್ದೆ. ಮೂಲದಲ್ಲಿ ಅವಳು ಮುಖ ತಿರುಗಿಸಿಕೊಂಡು ನಗುತ್ತಾಳೆ, ತುಟಿ ಕಾಣುವುದಿಲ್ಲ. ಆ ನಗುವಿನ ಬಾಲದಲ್ಲಿ, ಸಿನಿಮಾದುದ್ದಕ್ಕೂ ಎಲ್ಲಿಯೂ ಬಳಸದೆ ಕಾದಿಟ್ಟಿದ್ದ ‘ಪೋಡಾ’ (ಹೋಗೋ) ಎಂಬ ಸಲಿಗೆಯ ಒಂದೇ ಮಾತನ್ನು ಸೇರಿಸಿದೆ.