ಖಾನಾವಳಿ ದೊಡ್ಡ ಜಾಗಕ್ಕೆ ಹೋಗುವಾಗ ಮೊದಲು ರೊಟ್ಟಿ ಬೇಯಿಸುವ ಹಂಚು ಎಣಿಸಬೇಕು

24 ಕುರ್ಚಿಯ ಖಾನಾವಳಿಯನ್ನು 60 ಕುರ್ಚಿಯ ಜಾಗಕ್ಕೆ ಒಯ್ಯುತ್ತೇವೆ ಅಂದಾಗ ಎಲ್ಲರೂ ಕೇಳುವುದು ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ಎಸಿ ಹಾಕಿಸುತ್ತೀರಾ ಎಂದು. ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಊಟ ಹಾಕುವವರಿಗೆ ಇವೆಲ್ಲ ಆಮೇಲಿನ ಮಾತು. ಗಂಟೆಗೆ ಎಷ್ಟು ಬಿಸಿ ರೊಟ್ಟಿ ಹೊರಬೀಳುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಕುರ್ಚಿ, ಅಡುಗೆಮನೆಯ ಅಳತೆ, ಗ್ಯಾಸು, ಆಳು ಎಲ್ಲವೂ ಆ ಒಂದು ಸಂಖ್ಯೆಯಿಂದ ಹುಟ್ಟುತ್ತವೆ.

ನಾವು ಮಾಡಿದ ಲೆಕ್ಕ ಹೀಗಿತ್ತು. ಮಧ್ಯಾಹ್ನದ ಗದ್ದಲ 12.30ರಿಂದ 2.30ರವರೆಗೆ. ಒಬ್ಬರು ಕೂತು, ಉಂಡು, ಎದ್ದು, ಮೇಜು ಒರೆಸುವಷ್ಟರಲ್ಲಿ 35 ನಿಮಿಷ. 60 ಕುರ್ಚಿಗೆ ಎರಡು ಗಂಟೆಯಲ್ಲಿ ಮೂರು ಸರತಿ ಆಗುತ್ತದೆ. ಆದರೆ ನಾಲ್ಕು ಜನರ ಮೇಜಿನಲ್ಲಿ ಬಹಳ ಸಲ ಇಬ್ಬರೋ ಮೂವರೋ ಕೂರುತ್ತಾರೆ, ಹಾಗಾಗಿ 180ರ ಬದಲು 140 ಊಟ ಹಿಡಿಯಬೇಕು. ತಲೆಗೆ ಎರಡೂವರೆ ರೊಟ್ಟಿಯಂತೆ 350, ಪಾರ್ಸೆಲ್ ಸೇರಿದರೆ 420. ಅಂದರೆ ಗಂಟೆಗೆ 210.

ಒಬ್ಬರೇ ಬಡಿದು ಒಬ್ಬರೇ ಬೇಯಿಸಿದರೆ ಪಳಗಿದ ಕೈಯಿಂದಲೂ ಗಂಟೆಗೆ 40–45 ರೊಟ್ಟಿಗಿಂತ ಹೆಚ್ಚು ಬರುವುದಿಲ್ಲ. ಬಡಿಯುವವರು ಬೇರೆ, ಬೇಯಿಸುವವರು ಬೇರೆ ಆಗಿ, ಬೇಯಿಸುವವರ ಮುಂದೆ ಎರಡು ಹಂಚು ಇಟ್ಟರೆ ಆ ಜೋಡಿಯಿಂದ 100ರ ಹತ್ತಿರ ಬರುತ್ತದೆ. ಕೈ ತೊಳೆಯುವುದು, ಬಟ್ಟೆಯಿಂದ ನೀರು ಸವರುವುದು, ಹಿಟ್ಟು ನಾದುವುದು, ಮಗುಚುವುದು ಇಷ್ಟನ್ನೂ ಒಬ್ಬರೇ ಮಾಡಿದಾಗ ಹಂಚು ಸುಮ್ಮನೆ ಕಾಯುತ್ತ ಕೂರುವ ಹೊತ್ತೇ ಹೆಚ್ಚು. 60 ಕುರ್ಚಿಗೆ ಎರಡು ಜೋಡಿ, ನಾಲ್ಕು ಹಂಚು, ಜೊತೆಗೆ ರಜೆ ಹಾಕುವವರ ಬದಲಿಗೆ ಒಬ್ಬರು ಬೇಕು. 12 ಗಂಟೆಗೇ ಒಲೆ ಹಚ್ಚಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ 40–50 ರೊಟ್ಟಿ ಮುಂಗಡ ಮಾಡಿಟ್ಟುಕೊಂಡರೆ ಮೊದಲ ನುಗ್ಗಾಟ ದಾಟುತ್ತದೆ. ಅದಕ್ಕಿಂತ ಹೆಚ್ಚು ಪೇರಿಸಿದರೆ ಕೆಳಗಿನವು ಹಬೆಗೆ ಬೆವತು ಚರ್ಮದಂತಾಗುತ್ತವೆ.

ರೊಟ್ಟಿ ತಡವಾದರೆ ಒಂದು ಮೇಜು 35 ನಿಮಿಷದ ಬದಲು 50 ನಿಮಿಷ ಹಿಡಿಯುತ್ತದೆ. ಹೆಚ್ಚಿಗೆ ಹಾಕಿದ ಕುರ್ಚಿಯ ಲಾಭವೆಲ್ಲ ಅಲ್ಲೇ ಹೋಗುತ್ತದೆ, ಮೇಲೆ ಕಾದವರ ಸಿಟ್ಟು ಬೇರೆ. ಅದಕ್ಕೇ ಹೊಸ ಜಾಗದಲ್ಲಿ ಮೊದಲ ವಾರ 36 ಕುರ್ಚಿ ಮಾತ್ರ ಹಾಕಿ, ವಾರಕ್ಕೆ ಎಂಟರಂತೆ ಏರಿಸಿದೆವು. ಉಳಿದ ಮೇಜು ಉಗ್ರಾಣದಲ್ಲಿದ್ದವು. ಖಾಲಿ ಮೇಜು ಕಣ್ಣಿಗೆ ಕಂಡರೆ ಕೂರಿಸದೆ ಇರುವುದು ಯಾರಿಂದಲೂ ಆಗುವುದಿಲ್ಲ.

ಹಿಟ್ಟಿನ ಲೆಕ್ಕ: ಒಂದು ಕಿಲೋಗೆ 12–13 ರೊಟ್ಟಿ. ರಾತ್ರಿಯ ಊಟವೂ ಸೇರಿ ದಿನಕ್ಕೆ 720 ರೊಟ್ಟಿ ಅಂದರೆ ಸುಮಾರು 58 ಕಿಲೋ. ಜೋಳ ಹಿಂಗಾರಿಯ ಬಿಳಿ ಜೋಳವೇ ಆಗಬೇಕು. ಎಂ 35-1, ಅಂದರೆ ಮಾಲ್ದಂಡಿ, ನಮಗೆ ಹೊಂದಿದ ತಳಿ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಕುದಿಯುವ ಎಸರು ಬಿದ್ದಾಗ ಪಿಷ್ಟ ಬೆಂದು ಬರುವ ಜಿಗುಟೇ ಹಿಟ್ಟನ್ನು ಹಿಡಿದಿಡುತ್ತದೆ. ಹಿಟ್ಟು ಹಳತಾದಷ್ಟೂ ಆ ಜಿಗುಟು ಕಡಿಮೆಯಾಗಿ ಅಂಚು ಒಡೆಯುತ್ತದೆ, ಬಡಿಯುವ ವೇಗ ಇಳಿಯುತ್ತದೆ. ದೊಡ್ಡ ಜಾಗ ಸಿಕ್ಕಿತೆಂದು ಹದಿನೈದು ದಿನದ ಹಿಟ್ಟು ಬೀಸಿಸಿಡುವುದು ದೊಡ್ಡ ತಪ್ಪು. ಜೋಳ ತಿಂಗಳುಗಟ್ಟಲೆ ಇಡಿ, ಹಿಟ್ಟು ಎರಡು ದಿನಕ್ಕೊಮ್ಮೆ ಬೀಸಿಸಿ. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಪರಾತದಲ್ಲಿ ಹರವಿ ಆರಿಸಿಯೇ ಡಬ್ಬಿಗೆ ತುಂಬಬೇಕು. ಇಲ್ಲದಿದ್ದರೆ ಒಳಗೆ ಬೆವರಿ ಮುಗ್ಗಲು ವಾಸನೆ ಬರುತ್ತದೆ.

ರೊಟ್ಟಿ ಕಟ್ಟೆಯ ಎತ್ತರಕ್ಕೆ ಗಮನ ಕೊಡಿ. ಸಾಮಾನ್ಯ ಅಡುಗೆ ಕಟ್ಟೆ 34 ಇಂಚು ಇರುತ್ತದೆ. ನಿಂತು ರೊಟ್ಟಿ ಬಡಿಯಲು ಅದು ಎತ್ತರವಾಯಿತು. ಭುಜ ಎತ್ತಿ ಬಡಿದರೆ ಒಂದೇ ವಾರದಲ್ಲಿ ರಟ್ಟೆ ಹಿಡಿದುಕೊಳ್ಳುತ್ತದೆ. 28 ಇಂಚಿಗೆ ಇಳಿಸಿ, ಬಡಿಯುವ ಅಕ್ಕಂದಿರನ್ನೇ ಕರೆದು ನಿಲ್ಲಿಸಿ ನೋಡಿ, ಆಮೇಲೆ ಕಲ್ಲು ಕೂರಿಸಿದೆವು. ಕಟ್ಟೆಯ ಮೇಲೆ ನೇರವಾಗಿ ಫ್ಯಾನು ಬೇಡ, ಉರಿಯೂ ಬಾಗುತ್ತದೆ, ಹಿಟ್ಟೂ ಒಣಗುತ್ತದೆ. ಹೊಗೆಯ ಹುಡ್ ಒಲೆಯ ಸಾಲಿಗಿಂತ ಪ್ರತಿ ಬದಿಗೆ ಆರು ಇಂಚು ಹೆಚ್ಚಿರಲಿ, ಕಟ್ಟೆಯಿಂದ ನಾಲ್ಕು ಅಡಿ ಮೇಲಿರಲಿ. ಬ್ಲೋವರ್ ಗಾಳಿ ಎಳೆಯುವಷ್ಟೇ ಗಾಳಿ ಒಳಗೆ ಬರಲೂ ಬೇಕು. ಹೊರಗಿನ ಗೋಡೆಗೆ ತಗ್ಗಿನಲ್ಲಿ ಜಾಲರಿ ಇಡದಿದ್ದರೆ ಬ್ಲೋವರ್ ಊಟದ ಹಾಲಿನ ತಂಪು ಗಾಳಿಯನ್ನೆಲ್ಲ ಅಡುಗೆಮನೆಗೆ ಎಳೆದುಕೊಳ್ಳುತ್ತದೆ, ಬಾಗಿಲು ತಾನಾಗಿಯೇ ಬಡಿದುಕೊಳ್ಳುತ್ತದೆ, ಹೊಗೆ ಮಾತ್ರ ಅಲ್ಲೇ ಉಳಿಯುತ್ತದೆ.

ಗ್ಯಾಸಿನಲ್ಲಿ ಒಂದು ಸಂಖ್ಯೆ ನೆನಪಿಡಿ: 100 ಕಿಲೋ. ಅದನ್ನು ಮೀರಿ ಸಿಲಿಂಡರ್ ಸಂಗ್ರಹಿಸಲು ಸ್ಫೋಟಕ ಇಲಾಖೆಯ ಪರವಾನಗಿ ಬೇಕು. 19 ಕಿಲೋದ ಐದು ಸಿಲಿಂಡರ್ ಅಂದರೆ 95. ಆರನೆಯದು ಬಂದರೆ ಮಿತಿ ದಾಟಿತು. ನಾವು ಕಟ್ಟಡದ ಹೊರಗೆ ಜಾಲರಿ ಗೂಡಿನಲ್ಲಿ ಎರಡು ಉರಿಯುವವು, ಎರಡು ಬದಲಿಗೆ, ಒಂದು ಕೈಯಲ್ಲಿ ಎಂದು ಇಟ್ಟೆವು. ದಿನಕ್ಕೆ ಒಂದೂವರೆ ಸಿಲಿಂಡರ್ ಹತ್ತಿರ ಸುಡುತ್ತದೆ. ಒಂದೇ ಸಿಲಿಂಡರಿನಿಂದ ನಾಲ್ಕು ಹಂಚು, ಎರಡು ಭಟ್ಟಿ ಉರಿಸಿದರೆ ಮಧ್ಯಾಹ್ನ ಒಂದರ ಹೊತ್ತಿಗೆ ಸಿಲಿಂಡರ್ ಮೈ ಬೆವತು ತಣ್ಣಗಾಗಿ, ಉರಿ ಕುಂದುತ್ತದೆ. ಗ್ಯಾಸು ಮುಗಿಯಿತೆಂದು ತೆಗೆದರೆ ಅರ್ಧ ತುಂಬಿಯೇ ಇರುತ್ತದೆ. ಒಳಗಿನ ದ್ರವ ಆವಿಯಾಗಲು ಸಿಲಿಂಡರಿನ ಮೈಯಿಂದಲೇ ಶಾಖ ಎಳೆದುಕೊಳ್ಳುತ್ತದೆ. ಎಳೆತ ಹೆಚ್ಚಾದರೆ ತಣ್ಣಗಾಗಿ ಒತ್ತಡ ಬೀಳುತ್ತದೆ. ಎರಡನ್ನು ಒಟ್ಟಿಗೆ ಜೋಡಿಸಿದರೆ ಎಳೆತ ಹಂಚಿಹೋಗುತ್ತದೆ. ಗೂಡಿನ ಹತ್ತಿರ ಗಟಾರದ ಬಾಯಿ ಇರಬಾರದು, ಏಕೆಂದರೆ ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಇಳಿದು ಕೂರುತ್ತದೆ. ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿದ ಮೇಲೆಯೇ ಒಲೆ ಹಚ್ಚಿ.

ಇನ್ನು ನೆಲ. ಹುಬ್ಬಳ್ಳಿಯ ಬಹಳಷ್ಟು ಭಾಗ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಫರಸಿ ಹಾಕಿದ ಅಡುಗೆಮನೆಯಲ್ಲಿ ಎರಡನೇ ಮಳೆಗಾಲಕ್ಕೆ ಮೋರಿಯ ಇಳಿಜಾರು ತಿರುಗಿ ನೀರು ಒಲೆಯ ಕಡೆ ಬರುತ್ತದೆ. ಬಾಡಿಗೆ ಕಟ್ಟಡವಾದರೆ ಒಪ್ಪುವ ಮೊದಲು ಎರಡು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಮೋರಿ ಹೊಸದಾಗಿ ತೋಡಿಸುವಾಗ ಎರೆ ತೆಗೆದು ಒಂದೂವರೆ ಅಡಿ ಗರಸು ತುಂಬಿ, ನೀರು ಹಾಕಿ ಧಮ್ಮಸ್ಸು ಮಾಡಿಸಿದೆವು. ಮೇಲೆ ಒರಟು ಶಹಾಬಾದ ಕಲ್ಲು, ಎಂಟು ಅಡಿಗೆ ಒಂದು ಇಂಚು ಇಳಿಜಾರು. ನುಣುಪಾದ ಟೈಲ್ಸ್ ಎಣ್ಣೆ ಬಿದ್ದ ದಿನ ಯಾರದಾದರೂ ಸೊಂಟ ಮುರಿಯುತ್ತದೆ.

ಎಣ್ಣೆಗಾಯಿ ಊಟದ ಪಾತ್ರೆ ತೊಳೆದ ನೀರು ನೇರ ಒಳಚರಂಡಿಗೆ ಹೋದರೆ ಚಳಿಗಾಲದಲ್ಲಿ ಪೈಪು ಕಟ್ಟುವುದು ಖಂಡಿತ. ಎರಡು ಕೋಣೆಯ ಜಿಡ್ಡಿನ ಗುಂಡಿ ಬೇಕು. ಜಿಡ್ಡು ಮೇಲೆ ತೇಲುತ್ತದೆ, ನೀರು ಕೆಳಗಿನಿಂದ ಮುಂದೆ ಹೋಗುತ್ತದೆ. ನಾಲ್ಕು ದಿನಕ್ಕೊಮ್ಮೆ ಮೇಲಿನ ಜಿಡ್ಡು ಎತ್ತಬೇಕು. ಕುದಿಯುವ ನೀರು ಅದಕ್ಕೆ ಸುರಿಯಬೇಡಿ. ಜಿಡ್ಡು ಕರಗಿ ಮುಂದಿನ ಪೈಪಿಗೆ ಹೋಗಿ ಅಲ್ಲಿ ಗಟ್ಟಿಯಾಗುತ್ತದೆ.

ನೀರಿನ ವಿಷಯದಲ್ಲಿ ನಮ್ಮೂರಿನವರಿಗೆ ಹೇಳಬೇಕಾದ್ದಿಲ್ಲ. ಮಲಪ್ರಭೆಯ ನಳದ ನೀರು ಹಲವು ಓಣಿಗೆ ದಿನಗಟ್ಟಲೆ ಬಿಟ್ಟು ಬರುತ್ತದೆ. ದಿನಕ್ಕೆ 280 ಊಟಕ್ಕೆ ಒಟ್ಟು 6,000 ಲೀಟರ್ ಹಿಡಿದರೆ, ಅಡುಗೆಗೆ ಮತ್ತು ಕುಡಿಯಲು 2,000. ಈ 2,000ಕ್ಕೆ ಮಾತ್ರ ನಳದ ನೀರು, ತೊಳೆಯಲು ಬೋರ್ ನೀರು. 10 ಅಡಿ ಉದ್ದ, 9 ಅಡಿ ಅಗಲ, 6 ಅಡಿ ಆಳದ ಸಂಪಿನಲ್ಲಿ 15,000 ಲೀಟರ್ ಹಿಡಿಯುತ್ತದೆ, ಒಂದು ವಾರ ದಾಟುತ್ತದೆ. ಎರಡೂ ನೀರಿನ ಟಾಕಿ, ಪೈಪು ಬೇರೆಬೇರೆ ಇರಲಿ. ಗಡಸು ಬೋರ್ ನೀರಿನಲ್ಲಿ ತೊಗರಿ ಬೇಳೆ, ಹೆಸರುಕಾಳು, ಮಡಿಕೆಕಾಳು ಬೇಯಲು ಒದ್ದಾಡುತ್ತವೆ, ಕಾಳಿನ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತದೆ. ಜಾಗ ಬದಲಾದ ಮೇಲೆ “ಮೊದಲಿನ ರುಚಿ ಇಲ್ಲ” ಎಂಬ ಮಾತು ಬಂದರೆ ಅಡುಗೆಯವರನ್ನು ಬೈಯುವ ಮೊದಲು ನೀರು ಯಾವುದೆಂದು ನೋಡಿ.

ರುಚಿ ಕೆಡುವ ಇನ್ನೊಂದು ದಾರಿ ದೊಡ್ಡ ಪಾತ್ರೆ. ಎರಡೂವರೆ ಪಟ್ಟು ಗಿರಾಕಿ ಎಂದು ಎರಡೂವರೆ ಪಟ್ಟು ಬದನೆಕಾಯಿ ಒಂದೇ ಪಾತ್ರೆಗೆ ಹಾಕಿದರೆ ಕೆಳಗಿನವು ಮೇಲಿನ ಭಾರಕ್ಕೆ ಒಡೆದು ಮುದ್ದೆಯಾಗುತ್ತವೆ, ಮೇಲಿನವು ಹಸಿ ಉಳಿಯುತ್ತವೆ. ಎಣ್ಣೆಗಾಯಿಗೆ ಅಗಲ ಬಾಯಿಯ ತಗ್ಗು ಪಾತ್ರೆ, ಒಂದು ಸಲಕ್ಕೆ ಐದು ಕಿಲೋ, ಎರಡು ಪದರಕ್ಕಿಂತ ಹೆಚ್ಚು ಬೇಡ. ಝುಣಕ ಎರಡು ಕಿಲೋ ಕಡಲೆ ಹಿಟ್ಟು ಮೀರಿದರೆ ತಿರುವುವಷ್ಟರಲ್ಲಿ ಗಂಟು ಕಟ್ಟುತ್ತದೆ. ಸಾರಿನಲ್ಲಿ ನೀರನ್ನು ಅಷ್ಟೇ ಪಟ್ಟು ಏರಿಸಬಾರದು, ದೊಡ್ಡ ಪಾತ್ರೆಯಲ್ಲಿ ಇಂಗುವುದು ಕಡಿಮೆ. ಎರಡೂವರೆ ಪಟ್ಟಿನ ಬದಲು ಎರಡು ಪಟ್ಟು ಹಾಕಿ ನೋಡಿಕೊಂಡು ಸೇರಿಸಿ. ಉಪ್ಪು, ಬ್ಯಾಡಗಿ ಖಾರವೂ ಹಾಗೇ, ಕೊನೆಗೆ ಒಂದು ಹಿಡಿ ಕೈಯಲ್ಲಿ ಉಳಿದಿರಲಿ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳಿಗೆ ಈ ತೊಂದರೆ ಇಲ್ಲ, ಆದರೆ ಹುರಿಯುವುದು ಚಿಕ್ಕ ಪಾಲಿನಲ್ಲೇ ಆಗಲಿ.

ಜಾಗ ಹುಡುಕುವಾಗ ಹುಬ್ಬಳ್ಳಿ–ಧಾರವಾಡ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನ ಹೆದ್ದಾರಿ ಬದಿ ಎಲ್ಲರಿಗೂ ಆಸೆ. ನಡುವೆ ಬಸ್ಸಿನ ದಾರಿಗೆ ಕಂಬಿ ಇರುವುದರಿಂದ ಆ ಬದಿಯ ಗಿರಾಕಿ ಸುತ್ತಿ ಬರಬೇಕು, ಬೈಕು ನಿಲ್ಲಿಸಲು ಜಾಗವಿಲ್ಲ. ಒಂದು ಕ್ರಾಸ್ ಒಳಗೆ, 20 ಬೈಕು ನಿಲ್ಲುವ ಅಂಗಳವಿದ್ದ ಜಾಗವೇ ನಮಗೆ ಒಳ್ಳೆಯದೆನಿಸಿತು. ಊಟದ ಹಾಲಿಗೆ ಕುರ್ಚಿಗೆ 12 ಚದರಡಿ, ಅಡುಗೆಮನೆ, ಉಗ್ರಾಣ, ತೊಳೆಯುವ ಜಾಗಕ್ಕೆ ಇನ್ನೂ 600 ಚದರಡಿ.

ಕಾಗದಪತ್ರ ಚುಟುಕಾಗಿ: ಎಫ್‌ಎಸ್‌ಎಸ್‌ಎಐ ಪರವಾನಗಿ ಜಾಗಕ್ಕೆ ಅಂಟಿದ್ದು, ಹೊಸ ವಿಳಾಸಕ್ಕೆ ಹೊಸದಾಗಿಯೇ ತೆಗೆಯಬೇಕು. ಜಿಎಸ್‌ಟಿಯಲ್ಲಿ ವಿಳಾಸ ಬದಲಾವಣೆ 15 ದಿನದೊಳಗೆ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಹೆಸ್ಕಾಂನಿಂದ ಮೂರು ಫೇಸಿನ ವಾಣಿಜ್ಯ ಸಂಪರ್ಕಕ್ಕೆ ಎರಡು ತಿಂಗಳು ಮೊದಲೇ ಅರ್ಜಿ. ಗೋಡೆ, ಮೋರಿ, ಹುಡ್‌ಗೆ ಹಣ ಹಾಕುವವರು 11 ತಿಂಗಳ ಕರಾರಿಗೆ ಒಪ್ಪಬೇಡಿ. ಐದು ವರ್ಷಕ್ಕಾದರೂ ಬರೆಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ.

ಸ್ಥಳಾಂತರಕ್ಕೆ ಎಳ್ಳ ಅಮಾವಾಸ್ಯೆಯ ಆಸುಪಾಸು ಒಳ್ಳೆಯ ಹೊತ್ತು. ಅವತ್ತು ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಎಲ್ಲರೂ ಹೊಲಕ್ಕೆ ಹೋಗುತ್ತಾರೆ, ರೊಟ್ಟಿ ಅಕ್ಕಂದಿರೂ ರಜೆ, ಗಿರಾಕಿಯೂ ಕಡಿಮೆ, ಮಳೆಯ ಭಯವಿಲ್ಲ. ಅಮಾವಾಸ್ಯೆಯ ಹಿಂದಿನ ರಾತ್ರಿ ಬಾಗಿಲು ಹಾಕಿ, ಮೂರನೇ ದಿನ ಮಧ್ಯಾಹ್ನ ಹೊಸ ಕಡೆ ಎಲೆ ಹಾಕಬಹುದು. ಹಳೆಯ ಹಂಚುಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ. ಹೊಸ ಕಬ್ಬಿಣದ ಹಂಚು ಮೊದಲ ವಾರ ರೊಟ್ಟಿಯನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಹತ್ತು ದಿನ ಮೊದಲಿನಿಂದಲೇ ದಿನಕ್ಕೊಮ್ಮೆ ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ಉಳ್ಳಾಗಡ್ಡಿ ಹೋಳಿನಿಂದ ತಿಕ್ಕಿ, ದನಕ್ಕೆ ಹಾಕಲು ನಾಲ್ಕು ರೊಟ್ಟಿ ಬೇಯಿಸಿ ಪಳಗಿಸಬೇಕು. ನಾಲ್ಕರಲ್ಲಿ ಎರಡು ಹಳೆಯವು, ಎರಡು ಹೊಸವು ಇದ್ದರೆ ಮೊದಲ ದಿನವೇ ಕೈ ನಿಲ್ಲುವುದಿಲ್ಲ.